ವಿಶ್ರಾಂತ ನಾಡಿ

ತೊಂಬತ್ತಾರು, ತೊಂಬತ್ತೆರಡು, ನೂರಾ ಎರಡು. ಉಷಾ ಪಟ್ಟಿಯ ಮೇಲೆ ಬೆರಳಿಟ್ಟು ಮತ್ತೊಮ್ಮೆ ಮೇಲಿನಿಂದ ಕೆಳಕ್ಕೆ ಬಂದಳು. ಇಪ್ಪತ್ತೆರಡು ಮಂದಿ ಪೈಲ್ವಾನರು, ಮೂರು ಮುಂಜಾವು, ಒಟ್ಟು ಅರವತ್ತಾರು ಎಣಿಕೆ. ಅದರಲ್ಲಿ ಒಂದಾದರೂ ಎಂಬತ್ತೈದಕ್ಕಿಂತ ಕೆಳಗಿರಲಿಲ್ಲ. ಬಾಣಲೆಯಲ್ಲಿ ಒಗ್ಗರಣೆ ಸೀದ ವಾಸನೆ ಮೂಗಿಗೆ ಬಡಿದಾಗಲೇ ತಾನು ಅಡುಗೆಮನೆಯಲ್ಲಿ ನಿಂತಿದ್ದೇನೆಂಬುದು ಅವಳಿಗೆ ನೆನಪಾದದ್ದು.

"ಮಮ್ಮೀ, ಜಲ್ ಗಯಾ," ಎಂದಳು ಮಗಳು ನೇಹಾ, ಎರಡನೆಯ ಜಡೆಯನ್ನು ತಾನೇ ಹೆಣೆದುಕೊಳ್ಳುತ್ತ.

"ಕನ್ನಡದಲ್ಲಿ ಹೇಳೇ."

"ಸೀದು ಹೋಯ್ತು. ಕನ್ನಡದಲ್ಲಿ ಹೇಳಿದ್ರೆ ತಿನ್ನೋಕೆ ಬರುತ್ತಾ?"

ಉಷಾಗೆ ನಗು ಬಂದರೂ ನಗಲು ಪುರುಸೊತ್ತಿರಲಿಲ್ಲ. ಕರಕಲಾದ ಸಾಸಿವೆಯನ್ನು ತೆಗೆದೆಸೆದು ಉಳಿದದ್ದಕ್ಕೇ ಅವಲಕ್ಕಿ ಕಲಸಿ ಮಗಳ ಡಬ್ಬಿಗೆ ತುಂಬಿದಳು. ಕಸರತ್ತಿನಲ್ಲಿ ಪಳಗಿದ ಮೈ ಸುಮ್ಮನೆ ಕುಳಿತಾಗ ನಾಡಿ ನಿಮಿಷಕ್ಕೆ ಐವತ್ತೋ ಅರವತ್ತೋ ಬಡಿಯಬೇಕು. ಇದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಮಾತು. ಹತ್ತು ವರ್ಷ ಮಣ್ಣಿನಲ್ಲಿ ಹೊರಳಿದ ಪೈಲ್ವಾನನದು ತೊಂಬತ್ತಾರು ಬಡಿದರೆ ಅವನಿಗೆ ಜ್ವರ ಇರಬೇಕು, ಇಲ್ಲವೆ ಎಣಿಸಿದವರಿಗೆ ಎಣಿಸಲು ಬಾರದಿರಬೇಕು.

ಶುಕ್ರವಾರ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯ ಸಭೆ. ಇವತ್ತು ಮಂಗಳವಾರ.

ಧಾರವಾಡದಲ್ಲಿ ಶರೀರಶಾಸ್ತ್ರ ಓದಿದ್ದ ಉಷಾ ಕಾಶಿಯ ಈ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗಕ್ಕೆ ತಾತ್ಕಾಲಿಕ ಉಪನ್ಯಾಸಕಿಯಾಗಿ ಬಂದು ಮೂರು ವರ್ಷವಾಗಿತ್ತು. ಗಂಡ ನೀಲಕಂಠ ಸಿಂಗ್ರೌಲಿಯ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್. ಹದಿನೈದು ದಿನಕ್ಕೊಮ್ಮೆ ಬಂದು ಎರಡು ದಿನ ಇದ್ದು ಹೋಗುತ್ತಿದ್ದ. ಶಿವಾಲ ಕೇರಿಯ ಎರಡು ಕೋಣೆಯ ಮನೆ, ಮಗಳ ಶಾಲೆ, ಪಾಠ, ಪ್ರಯೋಗಾಲಯ ಎಲ್ಲವನ್ನೂ ಒಂಟಿ ಎತ್ತಿನ ಗಾಡಿಯಂತೆ ಎಳೆಯುತ್ತ ಅವಳು ಹಟ ಹಿಡಿದು ಬರೆದದ್ದು ಒಂದು ಹೊಸ ಪತ್ರಿಕೆಯ ಪಠ್ಯಕ್ರಮವನ್ನು: 'ಕ್ರೀಡಾ ವಿಜ್ಞಾನದ ಸಿದ್ಧಾಂತ'. ಮಂಡಳಿ ಒಪ್ಪಿದರೆ ಆ ಪತ್ರಿಕೆ ಕಲಿಸಲು ಅವಳ ಹುದ್ದೆ ಉಳಿಯುತ್ತದೆ. ಒಪ್ಪದಿದ್ದರೆ ಮಾರ್ಚ್ ಕೊನೆಗೆ ಪುಸ್ತಕ ಕಟ್ಟಿಕೊಂಡು ಸಿಂಗ್ರೌಲಿಯ ಕಾಲೊನಿಗೆ ಹೋಗಿ, ಸಂಜೆ ಐದಕ್ಕೆ ಗಂಡನ ದಾರಿ ಕಾಯುವುದು. ಗಂಡನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಆದರೆ ಆ ಕಾಲೊನಿಯ ಒಂದೇ ಅಳತೆಯ ಗೇಟುಗಳನ್ನು ನೆನೆದರೆ ಅವಳ ಎದೆ ಭಾರವಾಗುತ್ತಿತ್ತು.

ಅಡ್ಡ ನಿಂತಿದ್ದ ಪ್ರಶ್ನೆ ಹೊಸದೇನಲ್ಲ. ಆಟಕ್ಕೆ ತನ್ನದೇ ಆದ ಶಾಸ್ತ್ರ ಇದೆಯೇ ಎಂದು ಅಮೆರಿಕದವರು ಅರವತ್ತರ ದಶಕದಲ್ಲೇ ಜಗಳಾಡಿದ್ದರು. ಜರ್ಮನರು ಎಪ್ಪತ್ತರ ದಶಕದಲ್ಲಿ ಅದಕ್ಕೊಂದು ಹೆಸರಿಟ್ಟು ಪೀಠ ಕಟ್ಟಿಕೊಂಡಿದ್ದರು. ರಷ್ಯನ್ನರು ತರಬೇತಿಯನ್ನೇ ಸಿದ್ಧಾಂತ ಮಾಡಿ ದಪ್ಪ ಪುಸ್ತಕ ಬರೆದಿದ್ದರು. ಆ ಪುಸ್ತಕದ ಎರಡನೆಯ ಭಾಗವನ್ನು ಉಷಾ ಕಳೆದ ತಿಂಗಳು ವಿಶ್ವವಿದ್ಯಾಲಯದ ಎದುರಿನ ಲಂಕಾ ಬೀದಿಯ ಪುಸ್ತಕದಂಗಡಿಯಲ್ಲಿ ಕೇಳಿದಾಗ ಅಂಗಡಿಯವನು, "ಮೇಡಮ್, ಸೋವಿಯತ್ ದೇಶವೇ ಉಳಿಯಲಿಲ್ಲ, ಎರಡನೇ ಭಾಗ ಎಲ್ಲಿಂದ ತರಲಿ?" ಎಂದಿದ್ದ. ಇಲ್ಲಿಯ ಮಂಡಳಿಯಲ್ಲಿ ಮಾತ್ರ ಹೋದ ವರ್ಷ ಶರೀರಶಾಸ್ತ್ರದ ಬಿಳಿಹುಬ್ಬಿನ ಹಿರಿಯ ಪ್ರಾಧ್ಯಾಪಕರೊಬ್ಬರು ಒಂದೇ ಮಾತಿಗೆ ಅವಳ ಕಡತ ಮುಚ್ಚಿಸಿದ್ದರು. "ಈ ಮದುವಣಗಿತ್ತಿಯ ಮೈಮೇಲಿನ ಒಡವೆಯೆಲ್ಲ ಎರವಲು. ಸ್ನಾಯು ನಮ್ಮದು, ಮನಸ್ಸು ಮನಶ್ಶಾಸ್ತ್ರದವರದು, ಚಲನೆ ಭೌತಶಾಸ್ತ್ರದವರದು. ಎಲ್ಲ ಬಿಚ್ಚಿಸಿಕೊಂಡ ಮೇಲೆ ಹುಡುಗಿ ಎಲ್ಲಿ?"

ಈ ಸಲ ಉಷಾ ಕುಸ್ತಿಯ ಅಖಾಡದ ಕಡೆ ತಿರುಗಿದ್ದು ಆ ಮಾತಿಗೆ ಉತ್ತರ ತರಲು. ಪುಸ್ತಕದ ಓಟಗಾರರ ಪಕ್ಕದಲ್ಲಿ ಕಾಶಿಯ ಪೈಲ್ವಾನರನ್ನು ನಿಲ್ಲಿಸಿ, ಯಾವ ಯಂತ್ರವೂ ಇಲ್ಲದೆ ಕಟ್ಟಿದ ಈ ಮೈಗಳ ನಾಡಿಯೂ ಅಷ್ಟೇ ನಿಧಾನ ಎಂದು ತೋರಿಸುವುದು ಅವಳ ಲೆಕ್ಕಾಚಾರ. ಆದರೆ ಅಖಾಡದ ಒಳಗೆ ಹೆಂಗಸರು ಕಾಲಿಡುವಂತಿಲ್ಲ. ಅದಕ್ಕೆ ನಾಡಿ ಎಣಿಸಲು, ಕನ್ನಡದ ಯಾತ್ರಿಕರು ಇಳಿಯುವ ಮಠದ ದಾನಯ್ಯನವರನ್ನು ಹಿಡಿದಿದ್ದಳು. ಬಾಗಲಕೋಟೆ ಕಡೆಯ ದಾನಯ್ಯನವರು ಮಠದ ದಾಸೋಹದ ಉಗ್ರಾಣ ನೋಡಿಕೊಳ್ಳುವವರು. ಹರೆಯದಲ್ಲಿ ಊರ ಗರಡಿಯಲ್ಲಿ ಸಾಮು ಮಾಡಿದವರು. ದಿನಾ ಗಂಗಾಸ್ನಾನ ಮುಗಿಸಿ ಬರುವಾಗ ಅಖಾಡದ ಕಟ್ಟೆಯ ಮೇಲೆ ಅರ್ಧ ಗಳಿಗೆ ಕೂತು ಎದ್ದರೇ ಅವರಿಗೆ ಸಮಾಧಾನ.

ನೇಹಾಳನ್ನು ರಿಕ್ಷಾ ಹತ್ತಿಸಿ ಉಷಾ ನೇರ ಮಠಕ್ಕೆ ಹೋದಳು. ಶಿವರಾತ್ರಿಗೆ ಇನ್ನು ಹನ್ನೆರಡು ದಿನ. ಊರ ಕಡೆಯಿಂದ ಬಂದಿಳಿದ ಯಾತ್ರಿಕರ ಗಂಟುಮೂಟೆಗಳು ಅಂಗಳದ ತುಂಬ. ಉಗ್ರಾಣದ ಬಾಗಿಲಲ್ಲಿ ದಾನಯ್ಯನವರು ತೊಗರಿಬೇಳೆಯ ಮೂಟೆ ಬಿಚ್ಚಿ ಹುಳು ನೋಡುತ್ತಿದ್ದರು.

"ಶರಣ್ರೀ ಅಕ್ಕೋರ. ಇಷ್ಟ್ ಮುಂಜಾನೆ? ನಾಷ್ಟಾ ಆಗಿಲ್ಲ ಕಾಣಸ್ತದ. ಉಪ್ಪಿಟ್ಟ್ ಐತಿ, ಕುಂದರ್ರಿ."

"ಉಪ್ಪಿಟ್ಟು ಆಮೇಲೆ ಅಯ್ಯನೋರೆ. ಈ ಎಣಿಕೆ ಒಂಚೂರು ನೋಡ್ರಿ." ಅವಳು ಪಟ್ಟಿ ಚಾಚಿದಳು. "ನಾಡಿ ಬಹಳ ಜಾಸ್ತಿ ಬಂದಿದೆ. ಎಣಿಸುವಾಗ ಎಲ್ಲಾದರೂ..."

ದಾನಯ್ಯನವರು ಬೇಳೆ ಹತ್ತಿದ ಕೈ ಒರೆಸಿಕೊಂಡರು. ಮುಖ ಸ್ವಲ್ಪ ಗಂಟಾಯಿತು.

"ಎಲ್ಲ್ಯಾರ ಏನ್ರಿ? ಎಣಸಾಕ ಬರೂದಿಲ್ಲ ಅಂತೀರೇನ್ ನನಗ? ಸಾವಿರ ಎಲಿ ಎಣಸಿ ಹಾಸೋ ಕೈ ಇದು. ಒಂದ್ ಎಲಿ ಹೆಚ್ಚುಕಡಿಮಿ ಆದ್ರ ಪಂಗತಿನಾಗ ಒಬ್ಬಾಂವ ಉಪಾಸ ಏಳ್ತಾನ."

"ತಪ್ಪು ಎಣಿಸಿದ್ರಿ ಅಂತ ಅಲ್ಲ..."

"ನೀವು ಚೀಟ್ಯಾಗ ಏನ್ ಬರದಿದ್ರಿ? ಐದ್ ನಿಮಿಷ ಕುಂದರಸ್ರಿ, ಆಮ್ಯಾಲ ಮುಂಗೈ ಹಿಡೀರಿ, ಪೂರಾ ಒಂದ್ ನಿಮಿಷ ಎಣಸ್ರಿ ಅಂತ. ಹಂಗ ಮಾಡೀನಿ. ಐದ್ ನಿಮಿಷ ಅಂದ್ರ ಐದ್ ನಿಮಿಷ, ನಿಮ್ಮ ಗಡಿಯಾರ ನೋಡಿ. ಮೈ ಬೆವರು ಆರೂತನಕ ಕುಂದರ್ಲೇನ್ ಅಂತ ಒಬ್ಬಾಂವ ಕೇಳಿದಾ. ಇಲ್ಲಪಾ, ಅಕ್ಕೋರು ಐದ ಅಂದಾರ ಅಂದೆ."

ಉಷಾ ಪಟ್ಟಿಯನ್ನು ಮಡಚುತ್ತಿದ್ದವಳು ನಿಲ್ಲಿಸಿದಳು.

"ಬೆವರು ಯಾತಕ್ಕೆ ಅಯ್ಯನೋರೆ? ಅವರು ಆಗಲೇ ಸಾಮು ಮಾಡಿದ್ರಾ?"

"ಮಾಡ್ದಂಗ ಬರತಾರೇನ್ರಿ?" ದಾನಯ್ಯನವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಯೂನಿವರ್ಸಿಟಿಯವರು ಅಳತಿ ತಗೋತಾರ, ಪುಸ್ತಕದಾಗ ಬರೀತಾರ ಅಂತ ಅಖಾಡದ ವಸ್ತಾದ ಸರಜೂ ಗುರು ಹೇಳಿದ್ರು. ಆ ಮೂರೂ ದಿನಾ ಎಲ್ಲಾರೂ ನಾಕಕ್ಕ ಬಂದು ಮುನ್ನೂರು ದಂಡ, ಐನೂರು ಬೈಠಕ್ ಹೊಡದ್ರು. ಕಟಗಿ ಗದಾದ ಜೋಡಿ ತಿರುವಿದ್ರು. ತಣ್ಣನ್ನ ಮೈ ತಗೊಂಡು ವಸ್ತಾದನ ಮುಂದ ನಿಂತ್ರ ಮರ್ಯಾದಿ ಏನ್ರಿ? ನಮ್ಮ ಗರಡ್ಯಾಗೂ ಹಂಗ. ಒಮ್ಮಿ ನಾ ಒಣ ಮೈಲೆ ಹೋಗಿ ನಿಂತಿದ್ದಕ್ಕ ನಮ್ಮ ವಸ್ತಾದ ಏನಂದ ಗೊತ್ತೇನು? 'ಏ ದಾನ್ಯಾ, ಹೆಣಾ ನೋಡಾಕ ಬಂದಿಯೇನು?' ಅಂದ."

ಉಷಾ ಬೇಳೆಯ ಮೂಟೆಯ ಮೇಲೆ ಕೂತುಬಿಟ್ಟಳು. ಚೀಟಿಯಲ್ಲಿ ಎಲ್ಲವನ್ನೂ ಬರೆದಿದ್ದಳು: ಯಾವ ಕೈ, ಯಾವ ಬೆರಳು, ಎಷ್ಟು ಹೊತ್ತು. ಅದಕ್ಕೂ ಮುಂಚೆ ಕಸರತ್ತು ಮಾಡಿರಬಾರದು ಎಂಬುದನ್ನು ಮಾತ್ರ ಬರೆದಿರಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದುಕೊಂಡಿದ್ದಳು. ದಾನಯ್ಯನವರಿಗೆ ಅದರ ಉಲ್ಟಾ ಎಲ್ಲರಿಗೂ ಗೊತ್ತಿರುವ ಸಂಗತಿ.

"ಯಾಕ್ರಿ, ಏನ್ ತಪ್ಪಾತು?" ಅವರ ದನಿ ಈಗ ಇಳಿದಿತ್ತು. "ನನ್ ಕಡಿಂದ ಏನರ ಆತೇನು?"

"ನಿಮ್ಮದೇನೂ ಇಲ್ಲ. ಕೇಳಿದ್ದು ನಾನು. ಸುಮ್ಮನಿರೋ ಮೈ ಬೇಕಿತ್ತು ನನಗೆ."

"ಸುಮ್ಕಿರೂ ಮೈ?" ದಾನಯ್ಯನವರು ತಲೆಯಾಡಿಸಿದರು. "ಅದು ಅಖಾಡದಾಗ ಸಿಗೂದಿಲ್ಲ ಬಿಡ್ರಿ."

ಆಮೇಲೆ ಅವರು ಒಳಗೆ ಹೋಗಿ ಉಪ್ಪಿಟ್ಟಿನ ತಟ್ಟೆ ತಂದು ಅವಳ ಕೈಗಿಟ್ಟರು. ಬೇಡವೆನ್ನಲು ಬಾಯಿ ಬರಲಿಲ್ಲ. ಬಿಸಿ ಉಪ್ಪಿಟ್ಟು ಗಂಟಲಲ್ಲಿ ಇಳಿಯುವಾಗ ಉಷಾಳ ಕಣ್ಣು ತುಂಬಿತು. ಸೋತದ್ದಕ್ಕೋ, ಬೆಳಿಗ್ಗೆಯಿಂದ ಯಾರೂ ತನಗೆ ತಿನ್ನಲು ಕೊಟ್ಟಿರಲಿಲ್ಲ ಎಂಬುದಕ್ಕೋ ಅವಳಿಗೇ ತಿಳಿಯಲಿಲ್ಲ.

ಮರುದಿನ ವಿಭಾಗದ ಮುಖ್ಯಸ್ಥರಾದ ಬಾಲಚಂದ್ರ ಅವರಿಗೆ ಎಲ್ಲ ಹೇಳಿದಳು. ಮೈಸೂರಿನವರು, ನಿವೃತ್ತಿಗೆ ಎರಡು ವರ್ಷ ಇದ್ದವರು. ಅವಳನ್ನು ಇಲ್ಲಿಗೆ ಕರೆತಂದದ್ದೇ ಅವರು. ಕನ್ನಡಕವನ್ನು ಹಣೆಗೇರಿಸಿ ಪಟ್ಟಿ ನೋಡಿದರು.

"ಬಿಟ್ಬಿಡಮ್ಮ ಇದನ್ನ. ಇಲ್ಲದ್ದನ್ನ ಯಾರೂ ಕೇಳೋದಿಲ್ಲ. ಅಮೆರಿಕದವರು ಹೇಳಿದ್ದು, ಜರ್ಮನರು ಹೇಳಿದ್ದು ಓದು, ಕೂತ್ಕೋ. ನಾನೂ ಎರಡು ಮಾತು ಸೇರಿಸ್ತೀನಿ."

"ಅದನ್ನ ಹೋದ ವರ್ಷವೂ ಓದಿದ್ದೆ ಸರ್."

"ಓದಿದ್ದೆ, ನಿಜ. ಆದ್ರೆ ಈ ಪಟ್ಟಿ ಇಟ್ಕೊಂಡು ಹೋದ್ರೆ ಆ ಬಿಳಿ ಹುಬ್ಬಿನವರು ನಿನ್ನ ಹುರಿದು ಮುಕ್ತಾರೆ. ವಿಶ್ರಾಂತ ನಾಡಿ ತೊಂಬತ್ತಾರು ಅಂತೆ. ಪೇಪರ್ ಹೋಗ್ಲಿ, ನಿನ್ನ ಹೆಸರು ಉಳೀಬೇಕಲ್ಲ."

ಅವರು ಹೇಳಿದ್ದು ಅವಳ ಒಳ್ಳೆಯದಕ್ಕೇ. ಸಂಜೆ ಕೇದಾರ ಘಾಟಿನ ಸಂದಿಯಲ್ಲಿ ತರಕಾರಿ ಕೊಂಡು ಮನೆಗೆ ನಡೆಯುವಾಗಲೂ ಉಷಾ ಅದನ್ನೇ ಒಪ್ಪಿಕೊಂಡಿದ್ದಳು. ಹರಿಶ್ಚಂದ್ರ ಘಾಟಿನ ಚಿತೆಗಳಿಂದ ಬರುವ ಹೊಗೆಗೆ ಸೆರಗು ಮೂಗಿಗೆ ಒತ್ತಿ ಮೆಟ್ಟಿಲು ಹತ್ತುವಾಗ ಮಾತ್ರ ಮನಸ್ಸು ಹಟದ ಮಗುವಿನಂತೆ ಒಂದೇ ಕಡೆ ನಿಂತಿತು. ಪಟ್ಟಿ ಬಿಟ್ಟರೆ ಉಳಿಯುವುದೇನು? ಅಮೆರಿಕದವರದು, ಜರ್ಮನರದು. ಅದೂ ಎರವಲೇ. ತನ್ನದು ಎಂದು ಅವಳ ಬಳಿ ಇದ್ದದ್ದು ಈ ತಪ್ಪೊಂದೇ.

ಶುಕ್ರವಾರ ಸಭೆಯಲ್ಲಿ ಒಂಬತ್ತು ಜನರಿದ್ದರು. ಕಿಟಕಿಯ ಹೊರಗೆ ಮಾವು ಹೂ ಬಿಟ್ಟಿತ್ತು. ಅವಳ ಸರದಿ ಬರುವ ಹೊತ್ತಿಗೆ ಚಹಾ ಎರಡು ಸುತ್ತು ಮುಗಿದು ಅರ್ಧ ಜನ ಆಕಳಿಸುತ್ತಿದ್ದರು. ಉಷಾ ಎದ್ದು, ಓದಬೇಕಿದ್ದ ಹಾಳೆಗಳನ್ನು ಮಗುಚಿಟ್ಟು, ಪಟ್ಟಿಯ ಪ್ರತಿಗಳನ್ನು ಹಂಚಿದಳು. ಬಾಲಚಂದ್ರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೋಡಲು ಇಷ್ಟವಿಲ್ಲದವರಂತೆ.

ಬಿಳಿಹುಬ್ಬಿನ ಪ್ರಾಧ್ಯಾಪಕರು ಒಂದು ಕ್ಷಣ ಓದಿದರು. "ಮೇಡಮ್, ಇವರನ್ನೆಲ್ಲ ಇವತ್ತೇ ನಮ್ಮ ಆಸ್ಪತ್ರೆಗೆ ಕಳಿಸಿ. ಹಾಸಿಗೆ ಖಾಲಿ ಮಾಡಿಸ್ತೀನಿ."

ನಗು ಮೇಜಿನ ಸುತ್ತ ಒಂದು ಸುತ್ತು ಬಂತು. ಅದು ಮುಗಿಯುವವರೆಗೆ ಉಷಾ ಕಾದಳು.

"ಎಣಿಕೆ ಸರಿ ಇದೆ ಸರ್. ನಾನು ಕೇಳಿದ್ದು ತಪ್ಪಿತ್ತು," ಎಂದು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ನಾಲ್ಕು ಗಂಟೆಗೆ ಬಂದು ದಂಡ ಹೊಡೆದದ್ದು, ಬೆವರು ಆರಿಸಿಕೊಳ್ಳಲೇ ಎಂದು ಒಬ್ಬ ಕೇಳಿದ್ದು, ತಣ್ಣನೆಯ ಮೈಯಲ್ಲಿ ಗುರುವಿನ ಮುಂದೆ ನಿಲ್ಲುವುದು ಅವಮಾನ ಎಂಬುದು. ಉಗ್ರಾಣದ ದಾನಯ್ಯನವರ ಹೆಸರನ್ನೂ ಹೇಳಿದಳು.

"ಹಾಗಾದರೆ ಇದು ಮನಶ್ಶಾಸ್ತ್ರ," ಎಂದರು ಪ್ರಾಧ್ಯಾಪಕರು. "ಆ ವಿಭಾಗಕ್ಕೆ ಕೊಡಿ."

"ಅವರು ಅಂಜಿಕೆ ಎಷ್ಟಿತ್ತು ಅಂತ ಕೇಳ್ತಾರೆ ಸರ್. ಅಂಜಿಕೆ ಇರಲಿಲ್ಲ. ಸಮಾಜಶಾಸ್ತ್ರದವರು ಇದೊಂದು ಸಂಪ್ರದಾಯ ಅಂತ ಬರೆದುಕೊಳ್ತಾರೆ, ಆದರೆ ಮುಂಗೈ ಹಿಡಿಯೋದಿಲ್ಲ. ನೀವು ಹಿಡೀತೀರಿ, ಆದರೆ ತೊಂಬತ್ತಾರು ಬಂದ ಕೂಡಲೇ ತಪ್ಪು ಅಂತ ಹರಿದು ಹಾಕ್ತೀರಿ. ನಾನೂ ಹರಿಯೋಳೇ ಇದ್ದೆ. ಮುಂಗೈಯನ್ನೂ ಹಿಡೀಬೇಕು, ಅವನು ಯಾಕೆ ಬೆವರಿಕೊಂಡು ಬಂದ ಅನ್ನೋದೂ ತಿಳೀಬೇಕು. ಇವೆರಡನ್ನೂ ಒಬ್ಬರೇ ಮಾಡೋ ಜಾಗ ಯಾವ ವಿಭಾಗದಲ್ಲಿದೆ ಅಂತ ಹುಡುಕಿದೆ. ಸಿಗಲಿಲ್ಲ."

ಹೇಳಿ ಮುಗಿಸಿದ ಮೇಲೆ ಅವಳು ಯಾರನ್ನೂ ಕೇಳದೆಯೇ ಕುಳಿತುಬಿಟ್ಟಳು. ಯಾರೋ ಲೋಟ ಸರಿಸಿದ ಸದ್ದು. ಪ್ರಾಧ್ಯಾಪಕರು ಪಟ್ಟಿಯನ್ನು ದೂರ ಹಿಡಿದು, ಹತ್ತಿರ ತಂದು ನೋಡಿದರು.

"ಎಪ್ಪತ್ತೊಂದರಲ್ಲಿ ನಾನು ಹಾಕಿ ಹುಡುಗರ ಮೇಲೆ ಪ್ರಯೋಗ ಮಾಡ್ತಿದ್ದೆ," ಎಂದರು ಕೊನೆಗೆ, ಯಾರನ್ನೂ ನೋಡದೆ. "ಸೈಕಲ್ ತುಳಿಸೋದು. ಒಬ್ಬ ಹುಡುಗ ಒಂಟಿಯಾಗಿದ್ರೆ ಹತ್ತು ನಿಮಿಷಕ್ಕೆ ಸಾಕಪ್ಪಾ ಅಂತಿದ್ದ. ಅವನ ಕ್ಯಾಪ್ಟನ್ ಬಾಗಿಲಲ್ಲಿ ಬಂದು ನಿಂತ್ರೆ ಹದಿನೈದು ನಿಮಿಷ ತುಳೀತಿದ್ದ. ಕ್ಯಾಪ್ಟನ್ ಬಂದ ದಿನದ ಅಂಕಿಗಳನ್ನ ನಾನು ಎಸೆದುಬಿಟ್ಟೆ. ಕೆಟ್ಟ ಅಂಕಿ ಅಂತ." ಪಟ್ಟಿಯನ್ನು ಮೇಜಿನ ಮೇಲಿಟ್ಟು, "ಬಹಳ ಎಸೆದಿದ್ದೀನಿ," ಎಂದರು.

ನೂರು ಅಂಕದ ಪತ್ರಿಕೆ ಬೇಡ, ಐವತ್ತು ಅಂಕದ ಐಚ್ಛಿಕ ಪತ್ರಿಕೆ ಇರಲಿ, ಎರಡು ವರ್ಷ ನಡೆಸಿ ನೋಡೋಣ ಎಂದು ಸೂಚಿಸಿದವರೂ ಅವರೇ. ಅಲ್ಲಿಯವರೆಗೆ ಅವಳ ಹುದ್ದೆ ಮುಂದುವರಿಯಲಿ ಎಂದು ಬಾಲಚಂದ್ರ ತಡಮಾಡದೆ ಸೇರಿಸಿದರು. ಯಾರೂ ಎದುರು ಆಡಲಿಲ್ಲ. ಬಾಗಿಲಲ್ಲಿ ಪ್ರಾಧ್ಯಾಪಕರು ಅವಳನ್ನು ತಡೆದರು. "ಆ ಪೈಲ್ವಾನರದ್ದು ನಿಜವಾದ ವಿಶ್ರಾಂತ ನಾಡಿ ನನಗೆ ಬೇಕು. ಅಕ್ಕಪಕ್ಕ ಎರಡು ಸಾಲು. ಅದು ಬಾರದೆ ಪಠ್ಯಕ್ರಮ ಅಚ್ಚಿಗೆ ಹೋಗೋದಿಲ್ಲ, ತಿಳೀತಾ?" ಗದರಿಸುವ ದನಿಯೇ. ಆದರೂ ಉಷಾ ಅಷ್ಟು ದೊಡ್ಡ ಮನುಷ್ಯರ ಕಾಲು ಮುಟ್ಟಲು ಬಗ್ಗಿದಳು. ಅವರು ಹಿಂದೆ ಸರಿದು, "ಅದೆಲ್ಲ ಆ ಉಗ್ರಾಣದವರಿಗೆ ಮಾಡಿ," ಎಂದು ಹೊರಟುಹೋದರು.

ದಾನಯ್ಯನವರು ಸುದ್ದಿ ಕೇಳಿ, "ಸಭಾದಾಗ ನನ್ನ ಹೆಸರು ಯಾಕ ತಗದ್ರಿ?" ಎಂದು ನಾಚಿಕೊಂಡು, ಅಂದೇ ಸಂಜೆ ಅವಳನ್ನು ಸರಜೂ ಗುರುವಿನ ಹತ್ತಿರ ಕರೆದೊಯ್ದರು. ಎಪ್ಪತ್ತು ದಾಟಿದ ಗುರು ಅಖಾಡದ ಹೊರಗಿನ ಕಟ್ಟೆಯ ಮೇಲೆ ಬಾದಾಮಿ ಅರೆಯುತ್ತ ಕೂತಿದ್ದರು.

"ಏನೂ ಮಾಡದೆ ಬರಬೇಕಾ?" ಎಂದರು ಗುರು, ಹಿಂದಿಗೆ ಭೋಜಪುರಿ ಬೆರೆಸಿ. "ಬಿಟಿಯಾ, ಕಬ್ಬಿಣ ಎತ್ತು ಅನ್ನು, ಎತ್ತುತ್ತಾರೆ. ಸುಮ್ಮನೆ ಕೂರು ಅಂದರೆ ನನ್ನ ಮುಂದೆ ಹೇಗೆ ಕೂರುತ್ತಾರೆ?"

"ತಾವು ಆ ದಿನ ಬರದೆ ಇದ್ದರೆ?"

"ಬರದೆ ಇದ್ದರೆ ದುಪ್ಪಟ್ಟು ಹೊಡೆಯುತ್ತಾರೆ. ನನ್ನ ಕಿವಿಗೆ ಬೀಳಲಿ ಅಂತ." ಅವರ ಹೊಟ್ಟೆ ನಗುವಿನಲ್ಲಿ ಕುಲುಕಿತು. ದಾನಯ್ಯನವರೂ ನಕ್ಕರು. ಗುರು ಅರೆಯುವ ಕೈ ನಿಲ್ಲಿಸಿ ಉಷಾಳನ್ನು ನೋಡಿದರು. "ಇದಾಗದಿದ್ದರೆ ನಿನ್ನ ಕೆಲಸ ನಿಲ್ಲುತ್ತದಾ?"

"ಹೌದು ಗುರೂಜಿ."

"ಸೋಮವಾರ ಬಾ. ಒಳಗೆ ಬೇಡ, ಘಾಟಿನ ಮೆಟ್ಟಿಲ ಮೇಲೆ. ನೀನೇ ಎಣಿಸಿಕೋ."

ಸೋಮವಾರ ಶಾಲೆಗೆ ರಜೆಯಿದ್ದ ನೇಹಾಳೂ ಜೊತೆಗೆ ಬಂದಳು. ಸೂರ್ಯ ಆಚೆ ದಡದ ಮರಳಿನಿಂದ ಒಂದು ಗೇಣು ಮೇಲೆದ್ದಿದ್ದ. ಇಪ್ಪತ್ತೆರಡು ಪೈಲ್ವಾನರು ಮೆಟ್ಟಿಲ ಮೇಲೆ, ಒಣ ಮೈಯಲ್ಲಿ, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ನಿಂತಿದ್ದರು. ಕೈಗಳನ್ನು ಎಲ್ಲಿಡಬೇಕೆಂದು ಒಬ್ಬನಿಗೂ ತಿಳಿದಿರಲಿಲ್ಲ. ಒಬ್ಬ ಯಾರಿಗೂ ಕಾಣದಂತೆ ಹಿಮ್ಮಡಿ ಎತ್ತಿ ಇಳಿಸುತ್ತಿದ್ದ. ದಾನಯ್ಯನವರು ಅವನನ್ನು ಕಣ್ಣಲ್ಲೇ ಗದರಿಸಿದರು.

ಸರಜೂ ಗುರು ಹೆಗಲ ಮೇಲಿನ ಗಮ್ಛಾ ವಸ್ತ್ರ ತೆಗೆದು ಎಲ್ಲಕ್ಕಿಂತ ಅಗಲದ ಮೆಟ್ಟಿಲ ಮೇಲೆ ಹಾಸಿದರು. ಶಿಷ್ಯರೆಲ್ಲ ನೋಡುತ್ತಿದ್ದಂತೆ ಅದರ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದರು.

"ನಾನು ಏಳುವವರೆಗೆ ಯಾರೂ ಏಳಬಾರದು."

ಪೈಲ್ವಾನರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುರುವಿನ ಮುಂದೆ ಅವರಾರೂ ತಾವಾಗಿ ಬೆನ್ನು ನೆಲಕ್ಕೆ ಮುಟ್ಟಿಸಿದವರಲ್ಲ. ಮೊದಲು ಹಿರಿಯವನೊಬ್ಬ ಕೂತ. ಆಮೇಲೆ ಮಲಗಿದ. ಒಬ್ಬೊಬ್ಬರಾಗಿ ಆ ದೊಡ್ಡ ಮೈಗಳು ಮೆಟ್ಟಿಲುಗಳ ಮೇಲೆ ಒರಗಿದವು. ದೋಣಿಯಲ್ಲಿ ಹೋಗುತ್ತಿದ್ದ ಅಂಬಿಗನೊಬ್ಬ ಹುಟ್ಟು ನಿಲ್ಲಿಸಿ, "ಕಾ ಗುರು, ಪೂರಾ ಅಖಾಡಾ ಸುತ್ ಗಯಲ್?" ಎಂದು ಕೂಗಿದ. ಅಖಾಡವೇ ಮಲಗಿತೇ ಎಂಬ ಕುಚೋದ್ಯ. ಗುರು ಕಣ್ಣು ತೆರೆಯದೆಯೇ ಹೋಗು ಹೋಗು ಎಂದು ಕೈ ಬೀಸಿದರು.

ಉಷಾ ಕಾಲು ಗಂಟೆ ಕಾದಳು. ನಂತರ ಕೆಳಗಿನ ಮೆಟ್ಟಿಲಿನಿಂದ ಶುರುಮಾಡಿದಳು. ಐವತ್ತೆಂಟು. ಐವತ್ತನಾಲ್ಕು. ಅರವತ್ತೊಂದು. ನೇಹಾ ಅಂಕಿ ಬರೆದುಕೊಂಡಳು, ತುಟಿ ಕಚ್ಚಿಕೊಂಡು, ಕನ್ನಡದಲ್ಲಿ ಹೇಳಿದ್ದನ್ನು ಕನ್ನಡದಲ್ಲೇ ಪುನಃ ಹೇಳಿ ಖಚಿತ ಮಾಡಿಕೊಳ್ಳುತ್ತ. ಕೊನೆಯವನ ಮುಂಗೈ ಬಿಡುವ ಹೊತ್ತಿಗೆ ಬಿಸಿಲು ಮೆಟ್ಟಿಲುಗಳನ್ನೆಲ್ಲ ತುಂಬಿತ್ತು. ಕೆಲಸ ಮುಗಿಯಿತೆಂದು ಹೇಳಲು ಅವಳು ಗುರುವಿನ ಹತ್ತಿರ ಹೋದಳು. ಅವರ ಬಾಯಿ ಸ್ವಲ್ಪ ತೆರೆದಿತ್ತು. ಬಿಳಿ ಮೀಸೆ ಉಸಿರಿಗೆ ಅಲುಗುತ್ತಿತ್ತು. ನಿಜವಾಗಿಯೂ ನಿದ್ದೆ ಹೋಗಿದ್ದರು.

ಎಬ್ಬಿಸಲೇ ಎಂದು ಅವಳು ದಾನಯ್ಯನವರ ಕಡೆ ನೋಡಿದಳು. ದಾನಯ್ಯನವರು ಬೇಡವೆಂದು ತಲೆಯಾಡಿಸಿದರು. ಪೈಲ್ವಾನರು ಯಾರೂ ಏಳಲಿಲ್ಲ. ನೇಹಾ ಮೆಟ್ಟಿಲಿಗೆ ಕೂತು ಪಕ್ಕದ ಕಲ್ಲನ್ನು ಅಂಗೈಯಿಂದ ತಟ್ಟಿ ತೋರಿಸಿದಳು. ಉಷಾ ಸೆರಗು ಸರಿಮಾಡಿಕೊಂಡು ಮಗಳ ಪಕ್ಕದಲ್ಲಿ ಕೂತಳು. ಕೂತು, ಕಾಲು ಚಾಚಿದಳು. ನೀರು ಕೆಳಗಿನ ಮೆಟ್ಟಿಲನ್ನು ಮುಟ್ಟಿ ಹಿಂದಕ್ಕೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಅವಳು ಎಣಿಸಲಿಲ್ಲ.